ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆದ ಮೇಲೆ ಸ್ಟೋರ್‌ಗೆ ಸೈನ್ ಇನ್ ಆಗುತ್ತಿಲ್ಲ, ಗೊತ್ತಿದ್ದವರು ದಯವಿಟ್ಟು ಹೇಳಿ

ಬ್ರಹ್ಮಾವರ_ಡಿಟಿಪಿ

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಉಂಟು. ಅಂಗಡಿಯ ಕಂಪ್ಯೂಟರ್ ವಿಂಡೋಸ್ 10ರಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿಯಿತಲ್ಲ, ಜನರ ಆಧಾರ್, ಪಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಇದೇ ಮಷೀನ್‌ನಲ್ಲಿ ತೆರೆಯುವುದು, ಹಳೆಯದರಲ್ಲೇ ಎಷ್ಟು ದಿನ ಇರುವುದು ಎಂದು 11ಕ್ಕೆ ಅಪ್‌ಗ್ರೇಡ್ ಮಾಡಿಸಿದೆ. ಫೈಲ್, ಪ್ರಿಂಟರ್, ಕನ್ನಡ ಟೈಪ್ ಮಾಡುವ ನುಡಿ ಎಲ್ಲ ಮೊದಲಿನ ಹಾಗೇ ಇದೆ. ಆಪ್ ಹಾಕಿಕೊಳ್ಳುವ ಮೈಕ್ರೋಸಾಫ್ಟ್ ಸ್ಟೋರ್ ಒಂದಕ್ಕೆ ಮಾತ್ರ ಸೈನ್ ಇನ್ ಆಗುವುದಿಲ್ಲ.

ಸ್ಟೋರ್ ತೆರೆಯುತ್ತದೆ. ಮೇಲಿನ ಮೂಲೆಯ ಚಿತ್ರ ಒತ್ತಿ ಸೈನ್ ಇನ್ ಕೊಟ್ಟರೆ ಒಂದು ಸಣ್ಣ ಕಿಟಕಿ ಬರುತ್ತದೆ, ಚುಕ್ಕೆಗಳು ಸ್ವಲ್ಪ ಹೊತ್ತು ಸುತ್ತುತ್ತವೆ, ಆಮೇಲೆ ಏನೋ ತಪ್ಪಾಗಿದೆ ಎಂದು ಹೇಳಿ 0ಎಕ್ಸ್80070426 ಎಂಬ ಕೋಡ್ ತೋರಿಸಿ ನಿಂತುಬಿಡುತ್ತದೆ. ಅದೇ ಮೇಲ್ ಐಡಿ, ಅದೇ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ಹಾಕಿದರೆ ಖಾತೆ ಸಲೀಸಾಗಿ ತೆರೆಯುತ್ತದೆ. ಸ್ಟೋರ್ ರಿಸೆಟ್ ಮಾಡಿದೆ, ಡಬ್ಲ್ಯುಎಸ್‌ರಿಸೆಟ್ ಕಮಾಂಡ್ ಕೊಟ್ಟೆ, ಪಾಸ್‌ವರ್ಡ್ ಸಹ ಬದಲಾಯಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ಸ್ಟೋರ್ ಇಲ್ಲದಿದ್ದರೆ ಏನಂತೆ ಎಂದು ಕೇಳಬಹುದು. ನನಗೆ ಬೇಕಾಗಿದೆ. ಈಗ ಮದುವೆ, ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮದ ಕಾಲ, ಪತ್ತನಾಜೆವರೆಗೆ, ಅಂದರೆ ಮಳೆಗಾಲಕ್ಕೆ ಮೊದಲು ನೇಮಗಳು ನಿಲ್ಲುವ ದಿನದವರೆಗೆ, ಆಮಂತ್ರಣ ಪತ್ರಿಕೆಯ ಕೆಲಸಕ್ಕೆ ಬಿಡುವಿಲ್ಲ. ಜನ ಐಫೋನ್‌ನಿಂದ ಕೇಬಲ್ ಹಾಕಿ ಫೋಟೋ ಕೊಡುತ್ತಾರೆ, ಎಲ್ಲ ಎಚ್‌ಇಐಸಿ ಫೈಲ್, ಐಫೋನ್ ಫೋಟೋ ಉಳಿಸುವ ರೀತಿ ಅದು. ಅದನ್ನು ತೆರೆಯಲು ಸ್ಟೋರ್‌ನಲ್ಲಿ ಸಿಗುವ ಎಚ್‌ಇವಿಸಿ ಎಕ್ಸ್‌ಟೆನ್ಶನ್ ಎಂಬ ಸಣ್ಣ ಸಾಫ್ಟ್‌ವೇರ್ ಬೇಕು. ಮನೆಯ ಲ್ಯಾಪ್‌ಟಾಪ್‌ಗೆ ಅದನ್ನು ದುಡ್ಡು ಕೊಟ್ಟೇ ಹಾಕಿಕೊಂಡಿದ್ದೇನೆ, ಅದೇ ಖಾತೆಯಲ್ಲಿ ಅಂಗಡಿಯದ್ದಕ್ಕೂ ಹಾಕೋಣ ಎಂದರೆ ಸೈನ್ ಇನ್ ಆಗದೆ ಮತ್ತೆ ದುಡ್ಡು ಕೇಳುತ್ತದೆ. ಅಪ್‌ಗ್ರೇಡ್ ಮಾಡಿಕೊಟ್ಟವರನ್ನು ಕೇಳಿದರೆ ಫಾರ್ಮ್ಯಾಟ್ ಮಾಡಬೇಕು, ಬೇರೆ ದಾರಿ ಇಲ್ಲ ಎನ್ನುತ್ತಾರೆ. ಈ ಹೊತ್ತಿನಲ್ಲಿ ಫಾರ್ಮ್ಯಾಟ್ ಎಂದರೆ ನನಗೆ ಅಂಗಡಿ ಮುಚ್ಚಿದ ಹಾಗೆ. ಬೇರೆ ದಾರಿ ಇದ್ದರೆ ತಿಳಿಸಿ.

ಮಣಿಪಾಲ_ಹೆಲ್ಪ್‌ಡೆಸ್ಕ್

ಫಾರ್ಮ್ಯಾಟ್ ಬೇಡ. ಕೋಡ್ ಬರೆದದ್ದು ಬಹಳ ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ.

0ಎಕ್ಸ್8007 ಎಂದು ಶುರುವಾಗುವ ಕೋಡ್‌ನಲ್ಲಿ ಕೊನೆಯ ನಾಲ್ಕು ಅಂಕಿ ವಿಂಡೋಸ್‌ನ ಮಾಮೂಲಿ ಎರರ್ ನಂಬರ್, ಹದಿನಾರರ ಲೆಕ್ಕದಲ್ಲಿ ಬರೆದದ್ದು. 0426 ಅಂದರೆ ನಮ್ಮ ಹತ್ತರ ಲೆಕ್ಕದಲ್ಲಿ 1062. ಅದರ ಅರ್ಥ ಇಷ್ಟೇ: ಬೇಕಾದ ಸರ್ವಿಸ್ ಶುರುವಾಗಿಲ್ಲ. ಪಾಸ್‌ವರ್ಡ್ ತಪ್ಪು ಎಂದು ಅದು ಹೇಳುತ್ತಲೇ ಇಲ್ಲ. ಬ್ರೌಸರ್‌ನಲ್ಲಿ ಖಾತೆ ತೆರೆಯುತ್ತದೆ ಎಂದಿರಿ, ಹಾಗಾಗಿ ಖಾತೆಯೂ ಸರಿ, ಇಂಟರ್ನೆಟ್ಟೂ ಸರಿ. ತೊಂದರೆ ಮಷೀನ್ ಒಳಗೇ ಇದೆ.

ಸ್ಟೋರ್ ತಾನೇ ಹೋಗಿ ಪಾಸ್‌ವರ್ಡ್ ಪರೀಕ್ಷೆ ಮಾಡುವುದಿಲ್ಲ. ಆ ಕೆಲಸವನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ವಿಂಡೋಸ್‌ನಲ್ಲಿ ಅದಕ್ಕೆಂದೇ ಹಿಂದೆ ಕೂತು ಕೆಲಸ ಮಾಡುವ ಸರ್ವಿಸ್‌ಗಳಿವೆ. ಮುಖ್ಯವಾದದ್ದು ಮೈಕ್ರೋಸಾಫ್ಟ್ ಅಕೌಂಟ್ ಸೈನ್-ಇನ್ ಅಸಿಸ್ಟೆಂಟ್, ಅದರ ಜೊತೆಗೆ ವೆಬ್ ಅಕೌಂಟ್ ಮ್ಯಾನೇಜರ್. ಮೊದಲನೆಯದನ್ನು ಯಾರಾದರೂ ಬಂದ್ ಮಾಡಿಟ್ಟಿದ್ದರೆ ಸರಿಯಾಗಿ ಇದೇ ಕೋಡ್ ಬರುತ್ತದೆ. ಡಬ್ಲ್ಯುಎಸ್‌ರಿಸೆಟ್ ಮಾಡುವುದು ಸ್ಟೋರ್‌ನ ಕ್ಯಾಶ್, ಅಂದರೆ ತಾತ್ಕಾಲಿಕವಾಗಿ ಕೂಡಿಟ್ಟ ಫೈಲ್, ಖಾಲಿ ಮಾಡುವ ಕೆಲಸ ಮಾತ್ರ. ಅದರಿಂದ ಸರ್ವಿಸ್ ಎದ್ದು ಕೂರುವುದಿಲ್ಲ. ಅದಕ್ಕೇ ನಿಮಗೆ ಪ್ರಯೋಜನ ಆಗಲಿಲ್ಲ.

ಸ್ಟಾರ್ಟ್ ಒತ್ತಿ ಸರ್ವಿಸಸ್ ಎಂದು ಹುಡುಕಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಹೆಸರುಗಳು ಅಕ್ಷರಮಾಲೆಯಂತೆ ಇರುತ್ತವೆ. ಮೈಕ್ರೋಸಾಫ್ಟ್ ಅಕೌಂಟ್ ಸೈನ್-ಇನ್ ಅಸಿಸ್ಟೆಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ, ಸ್ಟಾರ್ಟಪ್ ಟೈಪ್ ನೋಡಿ. ಡಿಸೇಬಲ್ಡ್ ಎಂದಿದ್ದರೆ ಅದನ್ನು ಮ್ಯಾನುಯಲ್‌ಗೆ ಬದಲಿಸಿ, ಅಪ್ಲೈ ಕೊಟ್ಟು, ಕೆಳಗಿನ ಸ್ಟಾರ್ಟ್ ಬಟನ್ ಒತ್ತಿ. ಆಟೋಮ್ಯಾಟಿಕ್ ಮಾಡುವ ಅಗತ್ಯ ಇಲ್ಲ. ಮೂಲದಲ್ಲಿ ಇರುವುದೇ ಮ್ಯಾನುಯಲ್, ಬೇಕಾದಾಗ ವಿಂಡೋಸ್ ಅದನ್ನು ಎಬ್ಬಿಸಿಕೊಳ್ಳುತ್ತದೆ.

ಇನ್ನೊಂದು ಮಾತು, ಇದು ಅಂಗಡಿಯ ಮಷೀನ್ ಆದ್ದರಿಂದ ಹೇಳುತ್ತಿದ್ದೇನೆ. ಸ್ಟೋರ್‌ಗೆ ಸೈನ್ ಇನ್ ಆಗುವಾಗ ಈ ಖಾತೆಯನ್ನು ಇಡೀ ಕಂಪ್ಯೂಟರ್‌ಗೆ ಬಳಸಲೇ ಎಂದು ಒಂದು ಪರದೆ ಬರುತ್ತದೆ. ನೆಕ್ಸ್ಟ್ ಬಟನ್ ದೊಡ್ಡದಾಗಿ ಇರುತ್ತದೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಅದನ್ನು ಒತ್ತಿದರೆ ನಿಮ್ಮ ಲೋಕಲ್ ಲಾಗಿನ್ ಹೋಗಿ ಕಂಪ್ಯೂಟರ್ ತೆರೆಯುವುದೂ ಮೈಕ್ರೋಸಾಫ್ಟ್ ಖಾತೆಯಿಂದಲೇ ಆಗುತ್ತದೆ, ಕೆಲಸದ ಹುಡುಗರಿಗೆ ಬೆಳಿಗ್ಗೆ ಅಂಗಡಿ ತೆರೆದಾಗ ಗೊಂದಲ. ಅದೇ ಪರದೆಯಲ್ಲಿ ಮೈಕ್ರೋಸಾಫ್ಟ್ ಆಪ್ಸ್ ಓನ್ಲಿ ಎಂದು ಸಣ್ಣ ಅಕ್ಷರದಲ್ಲಿ ಒಂದು ಲಿಂಕ್ ಇರುತ್ತದೆ. ಅದನ್ನು ಒತ್ತಿ. ಸ್ಟೋರ್‌ಗೆ ಅಷ್ಟು ಸಾಕು.

ಬ್ರಹ್ಮಾವರ_ಡಿಟಿಪಿ

ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಡಿಸೇಬಲ್ಡ್ ಎಂದಿತ್ತು! ಮ್ಯಾನುಯಲ್ ಮಾಡಿ ಸ್ಟಾರ್ಟ್ ಕೊಟ್ಟೆ, ಸೈನ್ ಇನ್ ಆಯಿತು. ಸಣ್ಣ ಲಿಂಕನ್ನೇ ಒತ್ತಿದೆ. ಎಚ್‌ಇವಿಸಿ ಪುಟದಲ್ಲಿ ಬೆಲೆ ಹೋಗಿ ಇನ್‌ಸ್ಟಾಲ್ ಬಟನ್ ಬಂತು, ನೋಡಿ ಎಷ್ಟು ಖುಷಿಯಾಯಿತು. ಆದರೆ ಅಷ್ಟರಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಇದ್ದರೂ ಮಷೀನ್ ಆಫ್ ಮಾಡಿ ಮನೆಗೆ ಹೋದೆ. ಮರುದಿನ ತೆರೆದು ನೋಡಿದರೆ ಮತ್ತೆ ಅದೇ ಕೋಡ್. ಸರ್ವಿಸಸ್‌ನಲ್ಲಿ ನೋಡಿದರೆ ಪುನಃ ಡಿಸೇಬಲ್ಡ್. ನಾನು ಮುಟ್ಟಿಲ್ಲ, ಹುಡುಗರೂ ಮುಟ್ಟಿಲ್ಲ. ಇದು ಎಂತ ಕಥೆ ಮಾರಾಯ್ರೆ?

ಕುಂದಾಪುರ_ಬೈಟ್

ಇಷ್ಟೆಲ್ಲ ತಲೆಬಿಸಿ ಯಾಕೆ? ಅಪ್‌ಗ್ರೇಡ್ ಮಾಡಿದ ಮಷೀನ್ ಯಾವತ್ತೂ ಹೀಗೇ, ಹಳೆಯ ಕಸ ಎಲ್ಲ ಒಳಗೇ ಉಳಿದಿರುತ್ತದೆ. ಡೇಟಾ ಕಾಪಿ ಮಾಡಿ ಫ್ರೆಶ್ ಆಗಿ ಇನ್‌ಸ್ಟಾಲ್ ಮಾಡಿ. ಒಂದು ಸಂಜೆಯ ಕೆಲಸ. ನಾನಂತೂ ಎಲ್ಲರಿಗೂ ಅದನ್ನೇ ಹೇಳುವುದು.

ಸುರತ್ಕಲ್_ಆಡ್ಮಿನ್

ಬ್ರಹ್ಮಾವರದವರೇ, ಮರುದಿನ ತಾನಾಗಿ ಡಿಸೇಬಲ್ ಆಗಿದೆ ಎಂದರೆ ನಿಮ್ಮ ಮಷೀನ್‌ನಲ್ಲಿ ಯಾವುದೋ ಒಂದು ಪ್ರೋಗ್ರಾಂ ಪ್ರತಿ ಸಲ ಅದನ್ನು ಮುಚ್ಚುತ್ತಿದೆ. ವಿಂಡೋಸ್ ತಾನಾಗಿ ಹಾಗೆ ಮಾಡುವುದಿಲ್ಲ. ವಿಂಡೋಸ್ 10 ಇದ್ದಾಗ ಯಾರಾದರೂ ಸ್ಪೀಡ್ ಜಾಸ್ತಿ ಮಾಡುತ್ತೇನೆ, ಅಪ್‌ಡೇಟ್ ನಿಲ್ಲಿಸುತ್ತೇನೆ ಎಂದು ಏನಾದರೂ ಟೂಲ್ ಹಾಕಿದ್ದರಾ? ನೆನಪು ಮಾಡಿ ನೋಡಿ. ಅಂಥ ಟೂಲ್‌ಗಳು ಬೇಡದ ಸರ್ವಿಸ್ ಎಂದು ಒಂದು ದೊಡ್ಡ ಪಟ್ಟಿ ಇಟ್ಟುಕೊಂಡು ಎಲ್ಲವನ್ನೂ ಮುಚ್ಚುತ್ತವೆ, ಸೈನ್-ಇನ್ ಅಸಿಸ್ಟೆಂಟ್ ಆ ಪಟ್ಟಿಯಲ್ಲಿ ಸೇರಿರುತ್ತದೆ. ಫೈಲ್, ಪ್ರೋಗ್ರಾಂ ಉಳಿಸಿಕೊಂಡು ಅಪ್‌ಗ್ರೇಡ್ ಮಾಡಿದರೆ ಆ ಟೂಲೂ ಉಳಿಯುತ್ತದೆ.

ಊಹೆ ಮಾಡುತ್ತಾ ಕೂರುವುದು ಬೇಡ, ಸಾಕ್ಷಿ ಮಷೀನ್‌ನಲ್ಲೇ ಸಿಗುತ್ತದೆ. ಸ್ಟಾರ್ಟ್‌ನಲ್ಲಿ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ. ಬಲಗಡೆ ಫಿಲ್ಟರ್ ಕರೆಂಟ್ ಲಾಗ್ ಎಂಬುದನ್ನು ಒತ್ತಿ ಇವೆಂಟ್ ಐಡಿ ಜಾಗದಲ್ಲಿ 7040 ಹಾಕಿ. ಸರ್ವಿಸ್‌ನ ಸ್ಟಾರ್ಟ್ ಟೈಪ್ ಬದಲಾದಾಗ ವಿಂಡೋಸ್ ಬರೆದಿಡುವ ಸಾಲು ಅದು. ಯಾವ ಸರ್ವಿಸ್, ಯಾವುದರಿಂದ ಯಾವುದಕ್ಕೆ ಬದಲಾಯಿತು, ಎಷ್ಟು ಗಂಟೆಗೆ, ಯಾವ ಯೂಸರ್ ಹೆಸರಲ್ಲಿ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಆ ಗಂಟೆ ಬರೆದಿಟ್ಟುಕೊಳ್ಳಿ. ಆಮೇಲೆ ನಿಗದಿ ಮಾಡಿದ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್ ತೆರೆದು ಲೈಬ್ರರಿಯಲ್ಲಿ ಲಾಸ್ಟ್ ರನ್ ಟೈಮ್ ಕಾಲಂ ನೋಡಿ, ಯಾವ ಟಾಸ್ಕ್ ಅದೇ ಹೊತ್ತಿಗೆ ಓಡಿದೆ ಎಂದು ಹೋಲಿಸಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಆಪ್ಸ್ ಸಹ ಒಮ್ಮೆ ನೋಡಿ.

ಸಿಕ್ಕಿದ ಕೂಡಲೇ ಡಿಲೀಟ್ ಮಾಡಬೇಡಿ. ಮೊದಲು ಡಿಸೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ, ಸರ್ವಿಸ್ ಹಾಗೇ ನಿಲ್ಲುತ್ತದಾ ನೋಡಿ. ನಿಂತರೆ ಆಮೇಲೆ ಟೂಲ್ ತೆಗೆಯಿರಿ. ಅದರಲ್ಲಿ ಮೊದಲಿನ ಸ್ಥಿತಿಗೆ ತರುವ ಬಟನ್ ಇದ್ದರೆ ತೆಗೆಯುವ ಮೊದಲೇ ಅದನ್ನು ಒತ್ತಿ, ಇಲ್ಲದಿದ್ದರೆ ಮುಚ್ಚಿದ್ದೆಲ್ಲ ಮುಚ್ಚಿಯೇ ಇರುತ್ತದೆ. 7040ರಲ್ಲಿ ಏನೂ ಸಿಗದಿದ್ದರೆ ಹೇಳಿ. ಕೆಲವು ಸ್ಕ್ರಿಪ್ಟ್‌ಗಳು ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಗೇ ನೇರವಾಗಿ ಬರೆಯುತ್ತವೆ, ಆಗ ಈ ಸಾಲು ಬೀಳುವುದಿಲ್ಲ, ಬೇರೆ ರೀತಿ ಹುಡುಕಬೇಕು.

ಹೇಗೂ ಸರ್ವಿಸಸ್ ತೆರೆದಿರುತ್ತೀರಿ, ವಿಂಡೋಸ್ ಅಪ್‌ಡೇಟ್, ಮೈಕ್ರೋಸಾಫ್ಟ್ ಸ್ಟೋರ್ ಇನ್‌ಸ್ಟಾಲ್ ಸರ್ವಿಸ್, ಕ್ಲೈಂಟ್ ಲೈಸೆನ್ಸ್ ಸರ್ವಿಸ್ ಈ ಮೂರನ್ನೂ ನೋಡಿಬಿಡಿ. ಕೊನೆಯದು ನಿಮಗೆ ಮುಖ್ಯ, ದುಡ್ಡು ಕೊಟ್ಟು ತಗೊಂಡ ಆಪ್‌ನ ಲೈಸೆನ್ಸ್ ನೋಡಿಕೊಳ್ಳುವುದು ಅದೇ. ಸೈನ್ ಇನ್ ಆಗಿ, ಡೌನ್‌ಲೋಡ್ ಆಗಿ, ಆಮೇಲೆ ಆಪ್ ತೆರೆಯದೆ ನಿಂತರೆ ಸಂಶಯ ಪಡಬೇಕಾದ್ದು ಅದರ ಮೇಲೆ.

ಮಣಿಪಾಲ_ಹೆಲ್ಪ್‌ಡೆಸ್ಕ್

ಸುರತ್ಕಲ್‌ನವರು ಹೇಳಿದ್ದೇ ಸರಿ ದಾರಿ.

ಕುಂದಾಪುರದವರೇ, ಮನೆಯ ಮಷೀನ್ ಆದರೆ ನಿಮ್ಮ ಮಾತು ಸರಿ ಇರಬಹುದು. ಡಿಟಿಪಿ ಅಂಗಡಿಯ ಮಷೀನ್ ಹಾಗಲ್ಲ. ಎಷ್ಟೋ ವರ್ಷಗಳ ಯುನಿಕೋಡ್ ಅಲ್ಲದ ಕನ್ನಡ ಫಾಂಟ್, ಆ ಫಾಂಟ್‌ನಲ್ಲೇ ಮಾಡಿಟ್ಟ ಹಳೆಯ ಫೈಲ್, ಇನ್‌ಸ್ಟಾಲ್ ಮಾಡುವ ಸಿಡಿಯೂ ಈಗ ಸಿಗದ ಸಾಫ್ಟ್‌ವೇರ್, ಪ್ರಿಂಟರ್‌ಗೆ ಕೂಡಿಸಿಕೊಂಡ ಬಣ್ಣದ ಸೆಟ್ಟಿಂಗ್, ಇದೆಲ್ಲ ಕಾಪಿ ಪೇಸ್ಟ್‌ನಲ್ಲಿ ಬರುವುದಿಲ್ಲ. ಒಂದು ಫಾಂಟ್ ತಪ್ಪಿಹೋದರೆ ಹೋದ ವರ್ಷದ ಪತ್ರಿಕೆಯಲ್ಲಿ ದೈವದ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ರಾಶಿ ಕಾಣುತ್ತದೆ. ನಿಲ್ಲಿಸಿದ ಒಂದು ಸರ್ವಿಸ್‌ಗಾಗಿ ಇಷ್ಟನ್ನೆಲ್ಲ ಪಣಕ್ಕೆ ಇಡಬೇಕಾ?

ಇನ್ನೂ ಒಂದು ವಿಷಯ ಎಲ್ಲರಿಗೂ ಹೇಳಬೇಕು. ಈಗಿನ ವಿಂಡೋಸ್ 11 ಮಷೀನ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ, ಆನ್ ಆಗಿರುವ ಸಾಧ್ಯತೆ ಜಾಸ್ತಿ, 24ಎಚ್2 ಎಂಬ ಆವೃತ್ತಿ ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ತಾನಾಗಿ ಆನ್ ಆಗುತ್ತದೆ. ಅದರ ರಿಕವರಿ ಕೀ ಹೋಗಿ ಕೂರುವುದು ಅದೇ ಮೈಕ್ರೋಸಾಫ್ಟ್ ಖಾತೆಯಲ್ಲಿ. ಖಾತೆ ತೆರೆಯಲು ಆಗದೆ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮೂಲ ಪ್ರೋಗ್ರಾಂನ ಸೆಟ್ಟಿಂಗ್ ಏನಾದರೂ ಬದಲಾಗಿ ಮಷೀನ್ ಕೀ ಕೇಳಿತು ಎಂದುಕೊಳ್ಳಿ, ಆಗ ಡಿಸ್ಕ್‌ನಲ್ಲಿರುವ ಫೈಲ್ ಯಾರ ಕೈಗೂ ಸಿಗುವುದಿಲ್ಲ. ಹಾಗಾಗಿ ಫಾರ್ಮ್ಯಾಟ್, ಬಯಾಸ್ ಎಂದು ಕೈ ಹಾಕುವ ಮೊದಲು ಖಾತೆಗೆ ಬ್ರೌಸರ್‌ನಲ್ಲಿ ಹೋಗಿ ಆ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ವಿಂಡೋಸ್ 10ಕ್ಕೇ ಹಿಂದೆ ಹೋಗುತ್ತೇನೆ ಎನ್ನುವವರಿಗೆ ರಿಕವರಿಯಲ್ಲಿ ಗೋ ಬ್ಯಾಕ್ ಇದೆ. ಅದು ಸಿಗುವುದು ಅಪ್‌ಗ್ರೇಡ್ ಆದ ಮೇಲೆ 10 ದಿನ ಮಾತ್ರ. ಸಪೋರ್ಟ್ ಮುಗಿದದ್ದಕ್ಕೆ ಹಿಂದಿರುಗುವುದು ನನ್ನ ಮಟ್ಟಿಗೆ ಸರಿಯಲ್ಲ, ಆದರೂ ಗೊತ್ತಿರಲಿ.

ಕುಂದಾಪುರ_ಬೈಟ್

ಫಾಂಟ್ ವಿಷಯ ನಿಜ, ಅದನ್ನು ಒಪ್ಪುತ್ತೇನೆ. ಆದರೂ ಇಂಥ ಟೂಲ್ ಒಳಗೆ ಕೂತ ಮಷೀನನ್ನು ಪೂರ್ತಿ ನಂಬುವುದು ಹೇಗೆ? ಸೀಸನ್ ಮುಗಿದ ಮೇಲಾದರೂ ಒಮ್ಮೆ ಕ್ಲೀನ್ ಮಾಡಿಸಿ, ಗ್ರಾಹಕರ ದಾಖಲೆ ಇರುವ ಮಷೀನ್ ಅದು.

ದೇರಳಕಟ್ಟೆ_ಪಿಜಿ

ನನ್ನದೂ ಹೆಚ್ಚುಕಮ್ಮಿ ಇದೇ ತೊಂದರೆ, ಅದಕ್ಕೆ ಇಲ್ಲೇ ಕೇಳುತ್ತೇನೆ. ಅಣ್ಣ ಅಬುಧಾಬಿಯಿಂದ ಬರುವಾಗ ಅವನ ಲ್ಯಾಪ್‌ಟಾಪ್ ನನಗೆ ಕೊಟ್ಟ. 11ಕ್ಕೆ ಅಪ್‌ಗ್ರೇಡ್ ಆದ ಮೇಲೆ ಸ್ಟೋರ್‌ನಲ್ಲಿ ಸೈನ್ ಇನ್ ಒತ್ತಿದರೆ ಮತ್ತೆ ಟ್ರೈ ಮಾಡಿ ಎಂದಷ್ಟೇ ಬರುತ್ತದೆ. ಸರ್ವಿಸ್ ನೋಡಿದೆ, ಮ್ಯಾನುಯಲ್ ಎಂದೇ ಇದೆ, ಓಡುತ್ತಲೂ ಇದೆ. ಪಿಜಿ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ನೋಡಿದೆ, ಅದೇ ಹಾಡು.

ಸುರತ್ಕಲ್_ಆಡ್ಮಿನ್

ಹಾಟ್‌ಸ್ಪಾಟ್‌ನಲ್ಲಿ ನೋಡಿದ್ದು ಒಳ್ಳೆಯದಾಯಿತು, ವೈಫೈ ತಪ್ಪಲ್ಲ ಎಂದು ಗೊತ್ತಾಯಿತು. ಈಗ ಗಡಿಯಾರ ನೋಡಿ. ಮೂಲೆಯಲ್ಲಿ ತೋರಿಸುವ ಗಂಟೆ ಅಲ್ಲ, ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ಗೆ ಹೋಗಿ ಟೈಮ್ ಝೋನ್ ಯಾವುದು ಎಂದು ಹೇಳಿ.

ದೇರಳಕಟ್ಟೆ_ಪಿಜಿ

ಯುಟಿಸಿ +04:00 ಅಬುಧಾಬಿ, ಮಸ್ಕತ್ ಎಂದಿದೆ. ಆದರೆ ಗಂಟೆ ಸರಿಯಾಗಿಯೇ ತೋರಿಸುತ್ತಿದೆಯಲ್ಲ?

ಸುರತ್ಕಲ್_ಆಡ್ಮಿನ್

ಅದೇ ತೊಂದರೆ. ಊರಿಗೆ ಬಂದಾಗ ಗಡಿಯಾರ ಒಂದೂವರೆ ಗಂಟೆ ಹಿಂದೆ ತೋರಿಸಿರುತ್ತದೆ, ಯಾರೋ ಆಟೋಮ್ಯಾಟಿಕ್ ಆಫ್ ಮಾಡಿ ಕೈಯಲ್ಲೇ ಮುಂದೆ ತಿರುಗಿಸಿದ್ದಾರೆ. ಝೋನ್ ಮಾತ್ರ ಗಲ್ಫ್‌ನದ್ದೇ ಉಳಿದಿದೆ. ಇಲ್ಲಿ ಬೆಳಿಗ್ಗೆ 10 ಗಂಟೆ ಎಂದುಕೊಳ್ಳಿ, ಯುಟಿಸಿ, ಅಂದರೆ ಇಡೀ ಜಗತ್ತಿನ ಮೂಲ ಸಮಯದ ಲೆಕ್ಕದಲ್ಲಿ ಆಗ 4:30. ನಿಮ್ಮ ಲ್ಯಾಪ್‌ಟಾಪ್ 10ರಿಂದ ನಾಲ್ಕು ಗಂಟೆ ಕಳೆದು 6:00 ಎಂದು ನಂಬಿಕೊಂಡಿದೆ. ಕಣ್ಣಿಗೆ ಗಂಟೆ ಸರಿ, ಒಳಗೆ 90 ನಿಮಿಷ ಮುಂದೆ ಓಡುತ್ತಿದೆ. ಸೈನ್ ಇನ್ ಆಗುವಾಗ ಆಚೆ ಈಚೆ ಹೋಗುವ ಟೋಕನ್ ಎಂಬ ಗುರುತಿನ ಚೀಟಿಗೆ ಸಮಯದ ಮಿತಿ ಇರುತ್ತದೆ, ಕೆಲವು ನಿಮಿಷದ ವ್ಯತ್ಯಾಸ ನಡೆಯುತ್ತದೆ, ಇಷ್ಟು ನಡೆಯುವುದಿಲ್ಲ.

ಝೋನ್ ಅನ್ನು ಯುಟಿಸಿ +05:30 ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂಬುದಕ್ಕೆ ಬದಲಿಸಿ, ಸಮಯ ಆಟೋಮ್ಯಾಟಿಕ್ ಆನ್ ಮಾಡಿ, ಕೆಳಗೆ ಸಿಂಕ್ ನೌ ಒತ್ತಿ. ಆಮೇಲೆ ರೀಸ್ಟಾರ್ಟ್. ಮುಂದೆ ದಿನಾ ಆಫ್ ಮಾಡಿ ಆನ್ ಮಾಡುವಾಗ ತಾರೀಖೇ ಹಿಂದೆ ಹೋಗುತ್ತಿದ್ದರೆ ಅದು ಬೇರೆ ತೊಂದರೆ, ಒಳಗಿನ ಬ್ಯಾಟರಿ ಮುಗಿದಿರುತ್ತದೆ. ಡೆಸ್ಕ್‌ಟಾಪ್ ಆದರೆ ಸಾಮಾನ್ಯವಾಗಿ ಸಿಆರ್2032 ಎಂಬ ಗುಂಡಗಿನ ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ದೇರಳಕಟ್ಟೆ_ಪಿಜಿ

ಆಯಿತು! ಝೋನ್ ಬದಲಿಸಿ ಸಿಂಕ್ ಕೊಟ್ಟ ಕೂಡಲೇ ಸೈನ್ ಇನ್ ಆಯಿತು. ಇನ್ನೊಂದು ಪ್ರಶ್ನೆ. ಇದರಲ್ಲಿರುವುದು ಅಣ್ಣನ ಖಾತೆ. ಹೊಸ ಕಡೆ ಹಾಕಿದರೆ ಓಟಿಪಿ ಅವನ ಅಲ್ಲಿನ ನಂಬರ್‌ಗೆ ಹೋಗುತ್ತದೆ, ಆ ಸಿಮ್ ಈಗ ಇಲ್ಲ.

ಮಣಿಪಾಲ_ಹೆಲ್ಪ್‌ಡೆಸ್ಕ್

ಇದನ್ನು ತಡ ಮಾಡಬೇಡಿ. ಅಣ್ಣ ಯಾವ ಬ್ರೌಸರ್‌ನಲ್ಲಿ ಈಗಾಗಲೇ ಲಾಗಿನ್ ಆಗಿದ್ದಾರೋ ಅಲ್ಲಿಂದಲೇ ಸೆಕ್ಯುರಿಟಿ ಪುಟಕ್ಕೆ ಹೋಗಿ ಊರಿನ ನಂಬರ್ ಮತ್ತು ಇನ್ನೊಂದು ಮೇಲ್ ಐಡಿ ಸೇರಿಸಲಿ. ಹಳೆಯ ಮೇಲ್ ಐಡಿ ಯಾವುದಾದರೂ ಸೇರಿಸಿಟ್ಟಿದ್ದರೆ ಕೋಡ್ ಅದಕ್ಕೆ ತರಿಸಿಕೊಳ್ಳಬಹುದು. ಹಳೆಯ ನಂಬರ್, ಮೇಲ್ ಯಾವುದೂ ಕೈಯಲ್ಲಿ ಇಲ್ಲದೆ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋದರೆ 30 ದಿನ ಕಾಯಬೇಕು. ಕಳ್ಳರು ಖಾತೆ ಹೊಡೆಯದಿರಲಿ ಎಂದು ಇಟ್ಟ ನಿಯಮ ಅದು, ಅವಸರ ಮಾಡಿದರೂ ಕಡಿಮೆ ಆಗುವುದಿಲ್ಲ.

ಲ್ಯಾಪ್‌ಟಾಪ್ ನಿಮ್ಮದಾದ ಮೇಲೆ ನಿಮ್ಮದೇ ಖಾತೆ ಮಾಡಿಕೊಳ್ಳುವುದು ಒಳ್ಳೆಯದು, ರೀಜನ್ ಸಹ ಇಂಡಿಯಾ ಎಂದು ಬದಲಿಸಿಕೊಳ್ಳಿ. ಅಣ್ಣನ ಖಾತೆಯಲ್ಲಿ ದಿರ್ಹಂ ಬ್ಯಾಲೆನ್ಸ್ ಏನಾದರೂ ಇದ್ದರೆ ಅವರಿಗೆ ಮೊದಲೇ ತಿಳಿಸಿ, ಒಂದು ದೇಶದ ಬ್ಯಾಲೆನ್ಸ್ ಇನ್ನೊಂದು ದೇಶಕ್ಕೆ ಬರುವುದಿಲ್ಲ.

ಬ್ರಹ್ಮಾವರ_ಡಿಟಿಪಿ

ಸಿಕ್ಕಿತು. 7040 ಹಾಕಿ ನೋಡಿದರೆ ಸೈನ್-ಇನ್ ಅಸಿಸ್ಟೆಂಟ್ ಡಿಸೇಬಲ್ಡ್ ಆದ ಸಾಲು ನಾನು ಮ್ಯಾನುಯಲ್ ಮಾಡಿದ ಮರುದಿನ ಬೆಳಿಗ್ಗೆ ಮಷೀನ್ ಆನ್ ಆದ ಸ್ವಲ್ಪ ಹೊತ್ತಿಗೆ ಬಿದ್ದಿದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದೇ ನಿಮಿಷಕ್ಕೆ ಒಂದು ಟಾಸ್ಕ್, ಲಾಗಿನ್ ಆದ ಕೂಡಲೇ ಒಂದು ಬ್ಯಾಚ್ ಫೈಲ್ ಓಡಿಸುವಂಥದ್ದು. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಲು ಸಾಲಾಗಿ ಸರ್ವಿಸ್ ಹೆಸರು, ಎಲ್ಲದರ ಮುಂದೆ ಡಿಸೇಬಲ್ಡ್. ಹಿಂದೆ ಮಷೀನ್ ಸ್ಲೋ ಆಗಿದೆ ಎಂದು ಒಬ್ಬರ ಕೈಯಲ್ಲಿ ರಿಪೇರಿ ಮಾಡಿಸಿದ್ದೆ, ಆಗ ಅವರು ಹಾಕಿದ ಕ್ಲೀನರ್‌ನದ್ದು. ವಿಂಡೋಸ್ ಅಪ್‌ಡೇಟೂ ಆ ಪಟ್ಟಿಯಲ್ಲಿತ್ತು, ಅಂದರೆ ಸುರಕ್ಷಿತ ಆಗಲಿ ಎಂದು 11ಕ್ಕೆ ಬಂದರೂ ಸೆಕ್ಯುರಿಟಿ ಅಪ್‌ಡೇಟ್ ಬರುತ್ತಲೇ ಇರಲಿಲ್ಲ. ಇದು ನನಗೆ ಸ್ಟೋರ್‌ಗಿಂತ ಜಾಸ್ತಿ ಬೇಸರ ತಂದಿತು.

ಟಾಸ್ಕ್ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿದೆ, ಸರ್ವಿಸ್ ಹಾಗೇ ನಿಂತಿತು. ಆಮೇಲೆ ಆ ಕ್ಲೀನರ್‌ನಲ್ಲೇ ಮೊದಲಿನ ಹಾಗೆ ಮಾಡುವ ಬಟನ್ ಒತ್ತಿ ತೆಗೆದುಹಾಕಿದೆ. ಅಪ್‌ಡೇಟ್‌ಗಳು ಬಂದವು. ಎಚ್‌ಇವಿಸಿ ಇನ್‌ಸ್ಟಾಲ್ ಆಯಿತು, ಅದರ ಜೊತೆಗೆ ಫ್ರೀ ಸಿಗುವ ಎಚ್‌ಇಐಎಫ್ ಇಮೇಜ್ ಎಕ್ಸ್‌ಟೆನ್ಶನ್ ಸಹ ಹಾಕಿಕೊಂಡೆ. ಒಂದು ಮದುಮಗಳ ಫೋಟೋ ಕಾಯುತ್ತಾ ಇತ್ತು, ಕ್ಲಿಕ್ ಮಾಡಿದ ಕೂಡಲೇ ತೆರೆಯಿತು, ಮಲ್ಲಿಗೆಯ ಒಂದೊಂದು ಮೊಗ್ಗೂ ಕಾಣುತ್ತದೆ. ಮಣಿಪಾಲದವರಿಗೂ ಸುರತ್ಕಲ್‌ನವರಿಗೂ ತುಂಬಾ ತುಂಬಾ ಉಪಕಾರ. ಕುಂದಾಪುರದವರ ಮಾತೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ಮಾಡಿಸುತ್ತೇನೆ.

ಕೊನೆಯ ಒಂದು ಸಂಶಯ. ಹಳೆಯ ಕೆಲವು ವರ್ಡ್ ಫೈಲ್‌ಗಳಲ್ಲಿ ತುಂಗಾ ಫಾಂಟ್ ಇತ್ತು, ಈಗ ಅಕ್ಷರ ಬೇರೆ ರೀತಿ ಕಾಣುತ್ತದೆ. ಅದೂ ಸ್ಟೋರ್‌ನಿಂದಲೇ ತರಬೇಕಾ?

ಮಣಿಪಾಲ_ಹೆಲ್ಪ್‌ಡೆಸ್ಕ್

ಬೇಡ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಎಂದು ಹುಡುಕಿ, ಆ್ಯಡ್ ಫೀಚರ್ ಒತ್ತಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಳ್ಳಿ, ತುಂಗಾ ಅದರಲ್ಲಿದೆ. ವಿಂಡೋಸ್ 10 ಬಂದಾಗಿನಿಂದ ಅದು ಬೇರೆಯಾಗಿ ಹಾಕಿಕೊಳ್ಳುವ ಫಾಂಟ್, ಇಲ್ಲದಿದ್ದರೆ ವಿಂಡೋಸ್ ಅದರ ಬದಲು ನಿರ್ಮಲಾ ಯುಐ ತೋರಿಸುತ್ತದೆ. ಇದು ಬರುವುದು ವಿಂಡೋಸ್ ಅಪ್‌ಡೇಟ್ ಮೂಲಕ, ಈಗ ನಿಮ್ಮಲ್ಲಿ ಅದು ಓಡುತ್ತಿದೆ, ಹಾಗಾಗಿ ತೊಂದರೆ ಆಗುವುದಿಲ್ಲ. ಹಾಕಿದ ಮೇಲೆ ವರ್ಡ್ ಮುಚ್ಚಿ ಮತ್ತೆ ತೆರೆಯಿರಿ.